ಹನ್ನೊಂದು ಬ್ರಾಕೆಟ್ಟಿನ ಫಾರ್ಮುಲಾ

ಕೂಡ್ಲಿಗಿಯ ನಮ್ಮ ಟ್ರಸ್ಟಿನ ಕಚೇರಿಯಲ್ಲಿ ಸೋಮಶೇಖರ್ ಆರು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ. ಕೊಟ್ಟೂರಿನವನು. ಹಣೆಗೆ ವಿಭೂತಿ, ಜೇಬಿಗೆ ಎರಡು ಪೆನ್ನು, ಡಬ್ಬಿಯಲ್ಲಿ ವರ್ಷವಿಡೀ ರೊಟ್ಟಿ ಮತ್ತು ಶೇಂಗಾ ಚಟ್ನಿ. ಅಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಂಡಿದ್ದವನನ್ನು ನಮ್ಮ ಮುಖ್ಯಸ್ಥರಾದ ಹಾಲೇಶಪ್ಪನವರು ಕರೆತಂದಿದ್ದರು. ಅವನಿಗೆ ಜಂಬ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನ ಜಂಬವನ್ನು ನಾನು ಸಹಿಸುತ್ತೇನೆ. ಕೆಲಸ ಬರದೆ ಜಂಬಪಡುವವರನ್ನೇ ಹೆಚ್ಚು ಕಂಡವಳು ನಾನು.

ಸುತ್ತಲಿನ ಹಳ್ಳಿಗಳ ಚಿಕ್ಕ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ, ತೀರಾ ಸೊರಗಿದವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಟ್ರಸ್ಟಿನ ಕೆಲಸ. ಹಳ್ಳಿಯ ಕಾರ್ಯಕರ್ತೆ ಮಗುವಿನ ಹೆಸರು, ಹುಟ್ಟಿದ ದಿನ, ತೂಕ ಇಷ್ಟನ್ನು ಪುಸ್ತಕದಲ್ಲಿ ಬರೆದು ಫೋಟೋ ಕಳಿಸುತ್ತಾಳೆ. ನಾನು ಅದನ್ನು ಎಕ್ಸೆಲ್ ಹಾಳೆಗೆ ಟೈಪು ಮಾಡುತ್ತೇನೆ. ಕೊನೆಯ ಕಾಲಮ್ಮಿನಲ್ಲಿ ಸೋಮಶೇಖರನ ಫಾರ್ಮುಲಾ ಕೂತಿರುತ್ತಿತ್ತು. ಅದು ವಯಸ್ಸು ಲೆಕ್ಕ ಹಾಕಿ, ಆ ವಯಸ್ಸಿಗೆ ಇರಬೇಕಾದ ತೂಕ ಹುಡುಕಿ, ಹೋಲಿಸಿ, 'ಸಾಮಾನ್ಯ' ಅಥವಾ 'ತೀವ್ರ' ಎಂದು ಬರೆಯುತ್ತಿತ್ತು. 'ತೀವ್ರ' ಎಂದರೆ ಆ ಮನೆಗೆ ನಮ್ಮ ಜೀಪು ಹೋಗುತ್ತಿತ್ತು. 'ಸಾಮಾನ್ಯ' ಎಂದರೆ ಯಾರೂ ಹೋಗುತ್ತಿರಲಿಲ್ಲ.

ಇಷ್ಟೆಲ್ಲವನ್ನೂ ಅವನು ಒಂದೇ ಸೆಲ್ಲಿನಲ್ಲಿ ತುರುಕಿದ್ದ. ಪರದೆಯ ಮೇಲೆ ಅದು ಐದು ಸಾಲು ಹರಿಯುತ್ತಿತ್ತು. ಕೊನೆಯಲ್ಲಿ ಒಂದರ ಹಿಂದೊಂದು ಹನ್ನೊಂದು ಬ್ರಾಕೆಟ್ಟು. "ಗಂಗಕ್ಕ, ಇದನ್ನ ಓದೋ ಮಗ ಇನ್ನೂ ಹುಟ್ಟಿಲ್ಲ ನೋಡ್ರಿ" ಎಂದು ನಗುತ್ತಿದ್ದ. "ಹುಟ್ಟೋದು ಬ್ಯಾಡ ಬಿಡಪ್ಪ, ಹುಟ್ಟಿದ್ರ ಅದಕ್ಕೂ ತೂಕ ಹಾಕ್ಬೇಕಾಗ್ತೈತಿ" ಎಂದು ನಾನೂ ನಗುತ್ತಿದ್ದೆ.

ಮೊದಲ ವರ್ಷ ಕೆಲವು ಸೆಲ್ಲುಗಳಲ್ಲಿ ಉತ್ತರದ ಬದಲು ದೋಷದ ಗುರುತು ಬರುತ್ತಿತ್ತು. ಹೊರಗಿನಿಂದ ದಾನಿಗಳು ನೋಡಲು ಬರುವ ಹಿಂದಿನ ದಿನ ಹಾಲೇಶಪ್ಪನವರು ಸಿಡುಕಿದರು. "ಏನಪ್ಪ ಇದು, ಹಾಳಿ ತುಂಬ ಹಾವು ಚೇಳು? ತಗಿ ಅವನ್ನ. ಖಾಲಿನೂ ಬಿಡಬ್ಯಾಡ." ಸೋಮಶೇಖರ್ ಫಾರ್ಮುಲಾದ ಮೇಲೆ ಇನ್ನೊಂದು ಹೊದಿಕೆ ಹಾಕಿದ. ಲೆಕ್ಕ ಎಲ್ಲಾದರೂ ಕೆಟ್ಟರೆ 'ಸಾಮಾನ್ಯ' ಎಂದು ಬರೆ, ಇಷ್ಟೇ ಅದರ ಅರ್ಥ. ಹಾಳೆ ಚೊಕ್ಕವಾಯಿತು. ದಾನಿಗಳು ಹೊಗಳಿ ಹೋದರು. ಲೆಕ್ಕ ಯಾಕೆ ಕೆಡುತ್ತಿತ್ತು ಎಂದು ಅವನು ನೋಡಲಿಲ್ಲ, ನಾನೂ ಕೇಳಲಿಲ್ಲ.

ಹೊಸಹಳ್ಳಿ ಕಡೆಯ ಒಂದು ಹಳ್ಳಿಯ ಕಾರ್ಯಕರ್ತೆ ಭರಮಮ್ಮ. ಅಲ್ಲಿ ಕುರಿ ಸಾಕುವ ಮನೆಗಳು ಹೆಚ್ಚು. ಕುರಿಯ ಹಿಂದೆ ನದಿ ಕಡೆ ಹೋದಾಗ ಹುಟ್ಟಿದ ಮಕ್ಕಳಿಗೆ ತಾರೀಖು ಎಲ್ಲಿಂದ ಬರಬೇಕು? ಈರಕ್ಕನ ಮಗಳು ಭೂಮಿಕಾ ಹುಟ್ಟಿದ್ದು ಹಲವಾಗಲು ಹತ್ತಿರ, ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ. ಭರಮಮ್ಮ ತಾಯಿಯನ್ನು ಕೇಳಿ, ಕೇಳಿದ್ದನ್ನೇ ಬರೆದಳು: 'ಹೋದ ವರ್ಷ ಭರತ ಹುಣ್ಣಿಮೆ ದಿನ.' ಫೆಬ್ರವರಿ ಸುಮಾರಿಗೆ ಬರುವ ಮೈಲಾರ ಜಾತ್ರೆಯ ಹುಣ್ಣಿಮೆ ಅದು; ಮೈಲಾರಲಿಂಗನ ಒಕ್ಕಲಿಗೆ ಇದಕ್ಕಿಂತ ಖಚಿತವಾದ ತಾರೀಖು ಇಲ್ಲ. ನಾನು ಅದನ್ನು ಹುಟ್ಟಿದ ದಿನದ ಕಾಲಮ್ಮಿಗೆ ಹಾಗೇ ಇಳಿಸಿದೆ. ಹುಣ್ಣಿಮೆಯಿಂದ ವಯಸ್ಸು ಲೆಕ್ಕ ಹಾಕಲು ಕಂಪ್ಯೂಟರಿಗೆ ಬರುವುದಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. ಕೊನೆಯ ಕಾಲಮ್ಮು ಥಟ್ಟನೆ 'ಸಾಮಾನ್ಯ' ಎಂದಿತು.

ಜೂನ್‌ನಲ್ಲಿ ಭರಮಮ್ಮ ಫೋನು ಮಾಡಿದ್ದಳು. "ಅಕ್ಕಾರ, ಭೂಮಿಕಾ ಹೆಸರು ಪಟ್ಟ್ಯಾಗ ಬಂದೈತೇನ್ರಿ?"

ನೋಡಿದೆ. "ಇಲ್ಲವ್ವ, ಸಾಮಾನ್ಯ ಅಂತ ತೋರಸ್ತೈತಿ."

"ಕೈ ಹಿಡಿದ್ರ ಬರೇ ಎಲುಬು ಹತ್ತತಾವ್ರಿ."

"ಲೆಕ್ಕ ಹಾಕೈತಲ್ಲವ್ವ ಕಂಪ್ಯೂಟರ್" ಎಂದೆ. ಆ ಮಾತು ಆಡಿದ ಬಾಯಿಗೆ ಮಣ್ಣು ಹಾಕಬೇಕು.

ಆಗಸ್ಟ್‌ನಲ್ಲಿ ಮಗುವಿಗೆ ವಾಂತಿಭೇದಿಯಾಯಿತು. ಎರಡನೇ ದಿನಕ್ಕೆ ಹೋಗಿಬಿಟ್ಟಿತು. ಮೈಯಲ್ಲಿ ಸ್ವಲ್ಪ ಶಕ್ತಿ ಇದ್ದಿದ್ದರೆ ತಡೆದುಕೊಳ್ಳುತ್ತಿತ್ತು ಎಂದರಂತೆ ಡಾಕ್ಟರು. ಮೂರು ತಿಂಗಳು ತೂಕ ಬರೆಸಿಕೊಂಡು ಯಾಕೆ ಯಾರೂ ಬರಲಿಲ್ಲ ಎಂದು ಊರಿನವರು ಭರಮಮ್ಮನನ್ನು ಹಿಡಿದು ಕೇಳಿದರು. ಈರಕ್ಕ ಅವಳನ್ನು ಕಂಡು ಬಾಗಿಲು ಹಾಕಿಕೊಂಡಳು.

ಕಚೇರಿಯಲ್ಲಿ ಉತ್ತರ ಬೇಗ ಸಿಕ್ಕಿತು. ಹಾಲೇಶಪ್ಪನವರು ಪುಸ್ತಕ ತರಿಸಿ ನೋಡಿ, "ತಾರೀಖು ಬರಿಯಾಕ ಬರಂಗಿಲ್ಲ ಆಕಿಗೆ, ಹುಣ್ಣಿಮಿ ಅಂತ ಬರದಾಳ. ನೋಟಿಸ್ ಕಳಸ್ರಿ, ತಗದು ಹಾಕೋಣ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದಲ್ಲ. ನೋಟಿಸನ್ನು ಟೈಪು ಮಾಡಿದವಳೂ ನಾನೇ.

ಅಂದು ಮಧ್ಯಾಹ್ನ ಸೋಮಶೇಖರ್ ಡಬ್ಬಿ ಬಿಚ್ಚಲಿಲ್ಲ. ಭೂಮಿಕಾಳ ಸಾಲಿಗೆ ಹೋಗಿ ಫಾರ್ಮುಲಾವನ್ನು ತೆರೆದ. ಅದರ ಒಂದು ತುಂಡನ್ನು ಮಾತ್ರ ಗುರುತು ಮಾಡಿ ಎಫ್ ನೈನ್ ಒತ್ತಿದರೆ ಆ ತುಂಡಿನ ಉತ್ತರ ಅಷ್ಟೇ ಕಾಣುತ್ತದೆ. ಹಾಗೆ ತುಂಡು ತುಂಡಾಗಿ ಒತ್ತುತ್ತಾ ಹೋದ. ತನ್ನದೇ ಫಾರ್ಮುಲಾದಲ್ಲಿ ಅವನೇ ಎರಡು ಸಲ ದಾರಿ ತಪ್ಪಿದ. ವಯಸ್ಸಿನ ತುಂಡಿಗೆ ಬಂದಾಗ ದೋಷದ ಗುರುತು ಎದ್ದಿತು. ಆಮೇಲೆ ಹೊದಿಕೆಯನ್ನು ಕಿತ್ತುಹಾಕಿ, ಇಡೀ ಹಾಳೆಗೆ ಲೆಕ್ಕ ಹಾಕಿಸಿದ. ನಲವತ್ತೊಂದು ಮಕ್ಕಳ ಸಾಲಿನಲ್ಲಿ ದೋಷ. ಬಹುತೇಕ ಕುರಿಯವರ ಮಕ್ಕಳು.

ಎದ್ದು ಹಾಲೇಶಪ್ಪನವರ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲವೂ ಕೇಳಿಸಿತು.

"ತಪ್ಪು ಭರಮಮ್ಮಂದಲ್ರಿ ಸರ, ನಂದು."

"ಬಾಗಲಾ ಹಾಕ್ಲೇ" ಎಂದರು. ಅವನು ಹಾಕಲಿಲ್ಲ. ಅವರೇ ದನಿ ತಗ್ಗಿಸಿದರು. "ನಿನ್ನ ಬಿಟ್ರ ಆ ಫಾರ್ಮುಲಾ ಓದೋರು ಯಾರದಾರ? ನಾಳಿ ಯಾವ ತನಿಖಿ ಬಂದ್ರೂ ಅವರಿಗೆ ಕಾಣೋದು ಹುಣ್ಣಿಮಿ ಒಂದ. ಸುಮ್ನ ಕುಂದ್ರು. ನಿನಗೂ ಮನಿ ಐತಿ, ತಾಯಿ ಅದಾಳ."

ಅವರು ಹೇಳಿದ್ದು ನಿಜವೇ. ಸುಮ್ಮನಿದ್ದರೆ ಸಾಕಿತ್ತು. ಅವನ ಜಂಬವೇ ಅವನನ್ನು ಕಾಯುತ್ತಿತ್ತು.

ಶನಿವಾರ, ಭಾನುವಾರ ಎರಡೂ ಹಗಲು ಅವನು ಕಚೇರಿಯಲ್ಲಿ ಕೂತು ಆ ಐದು ಸಾಲನ್ನು ಬಿಚ್ಚಿದ. ಹುಟ್ಟಿದ ದಿನಕ್ಕೆ ಒಂದು ಕಾಲಮ್ಮು. ವಯಸ್ಸು ಎಷ್ಟು ತಿಂಗಳು ಎಂಬುದಕ್ಕೆ ಒಂದು. ಆ ವಯಸ್ಸಿಗೆ ಕನಿಷ್ಠ ಇರಬೇಕಾದ ತೂಕ, ಈಗಿರುವ ತೂಕ, ಎಷ್ಟು ಕಡಿಮೆ, ಒಂದೊಂದಕ್ಕೂ ಒಂದೊಂದು. ಮೇಲೆ ಕನ್ನಡದಲ್ಲಿ ದಪ್ಪಕ್ಷರದ ತಲೆಬರಹ. ಒಂದು ಸೆಲ್ಲಿನಲ್ಲಿ ಒಂದೇ ಲೆಕ್ಕ. ಗೊತ್ತಾಗದಿದ್ದರೆ 'ಗೊತ್ತಿಲ್ಲ, ಹೋಗಿ ನೋಡಿ' ಎಂದು ಕೆಂಪಗೆ ಬರಬೇಕು. ನಾನು ಹಳೆಯ ಪಂಚಾಂಗಗಳನ್ನು ಹುಡುಕಿ, ಕಾರ್ಯಕರ್ತೆಯರಿಗೆ ಫೋನು ಮಾಡಿ, ಹುಣ್ಣಿಮೆ ಅಮಾವಾಸ್ಯೆಗಳಿಗೆ ತಾರೀಖು ಹೇಳುತ್ತಾ ಹೋದೆ. ನಲವತ್ತೊಂದರಲ್ಲಿ ಆರು ಮಕ್ಕಳು 'ತೀವ್ರ' ಬಂದವು. ಒಂದು ಭೂಮಿಕಾ. ಉಳಿದ ಐದು ಮನೆಗೆ ಭಾನುವಾರವೇ ಅವನು ಯಾರನ್ನೂ ಕೇಳದೆ ಜೀಪು ಕಳಿಸಿದ. ಹಾಳೆಯನ್ನು ಟ್ರಸ್ಟಿನ ಎಲ್ಲ ಸದಸ್ಯರಿಗೂ ಕಳಿಸಿ, ತಪ್ಪು ಯಾರದು ಎಂದು ಮೂರು ಸಾಲು ಬರೆದ.

ಅವನ ಕೆಲಸ ಹೋಯಿತು, ಭರಮಮ್ಮನದು ಉಳಿಯಿತು. ಈಗ ಹಗರಿಬೊಮ್ಮನಹಳ್ಳಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಕೊಂಡು ಕೂತಿದ್ದಾನೆ. ಹೋದರೆ ಚಹಾ ಕುಡಿಸುತ್ತಾನೆ, ಮಾತು ಕಡಿಮೆ. ಅವನಿಗೆ ಕೆಲಸ ಹೋದ ದುಃಖ ಎಂದು ಜನ ತಿಳಿದಿದ್ದಾರೆ. ಅಲ್ಲ. ಆ ಸೋಮವಾರ ಏನಾಯಿತೆಂದು ಗೊತ್ತಿರುವುದು ನಮ್ಮ ಮೂವರಿಗೇ.

ನೋಟಿಸಿಗೆ ಉತ್ತರ ಕೊಡಲು ಭರಮಮ್ಮ ಬೆಳಗ್ಗೆಯ ಬಸ್ಸಿಗೇ ಬಂದಿದ್ದಳು. ಸೋಮಶೇಖರ್ ಎದ್ದು ತನ್ನ ಕುರ್ಚಿಯಲ್ಲೇ ಅವಳನ್ನು ಕೂರಿಸಿ, ಹಾಳೆ ತೆರೆದು, "ಅಮ್ಮಾ, ನಿಮ್ಮದೇನೂ ತಪ್ಪಿಲ್ಲ. ನೀವ ಓದಿ ನೋಡ್ರಿ" ಎಂದ. ಅವಳು ಪರದೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದಳು.

"ಭೂಮಿಕಾ. ತಾಯಿ ಈರಕ್ಕ. ಜುಲೈ. ಹದಿನೇಳು ತಿಂಗಳು. ಇರಬೇಕಾದ ತೂಕ ಏಳು ಕಿಲೋ. ಇರುವ ತೂಕ ಐದು ಪಾಯಿಂಟ್ ಎಂಟು. ಕಡಿಮೆ ಒಂದು ಪಾಯಿಂಟ್ ಎರಡು. ತೀವ್ರ." ಬೆರಳು ಮೇಲಿನ ಸಾಲಿಗೆ ಹೋಯಿತು. "ಜೂನ್. ತೀವ್ರ. ಮೇ. ತೀವ್ರ."

ಓದಿ ಮುಗಿಸಿ ಅವನ ಕಡೆ ತಿರುಗಿದಳು. "ಇಷ್ಟ ಏನ್ರಿ ಸರ ಇದು?"

"ಇಷ್ಟ ಅಮ್ಮಾ."

"ನಾಕನೇ ಕ್ಲಾಸ್ ಓದಿದಾಕಿ ನಾನು. ನನಗ ಬರ್ತೈತಲ್ರಿ ಇದು ಓದಾಕ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೇ ತಿಂಗಳಾಗ ಹಿಂಗ ಒಂದ್ಸಲ ತೋರಿಸಿದ್ರ, ನಿಮ್ಮ ಜೀಪಿನ ಹಾದಿ ಕಾಯ್ತಿರ್ಲಿಲ್ಲ ನಾನು. ಕೂಸಿನ್ನ ಹೊತ್ಗೊಂಡ ಬರ್ತಿದ್ದೆ."