ಕೋಳಿಪಿಳ್ಳಿಗಳ ಬಾಣಂತನ

ನಮ್ಮ ಅತ್ತೆ ಚಿಂಚೋಳಿ ಕಡೆಯ ಹಳ್ಳಿಯಿಂದ ಶಹಾಬಾದಿನ ನಮ್ಮ ಮನೆಗೆ ಬಂದಾಗ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಕೋಳಿ. ಕೋಳಿಯನ್ನು ಹಿತ್ತಲಿಗೆ ಬಿಟ್ಟರು. ಚೀಲವನ್ನು ಮಾತ್ರ ಪಡಸಾಲೆಯ ಗೂಟಕ್ಕೆ ತೂಗುಹಾಕಿ, ಸೀರೆ ಬೇಕಾದಾಗ ಅದರೊಳಗಿಂದಲೇ ತೆಗೆದು ಉಡುತ್ತಿದ್ದರು. ಕಪಾಟಿನಲ್ಲಿ ಇಡೋಣ ಎಂದರೆ, "ಇರ್ಲಿ ಬಿಡು, ಯಾವಾಗ ಹೊಂಟೇನೋ ಏನೋ" ಎನ್ನುವರು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬಂದ ಕೂಡಲೇ ಮೊದಲು ನೋಡುತ್ತಿದ್ದುದು ಆ ಗೂಟವನ್ನು. ಅವರು ಹೋಗುವುದು ನನಗೆ ಬೇಕಿರಲಿಲ್ಲ. ನನ್ನ ಗಂಡ ಹತ್ತಿರದ ಊರು ವಾಡಿಗೆ ಕೆಲಸಕ್ಕೆ ಹೋಗಿ ಬಂದು, ಉಂಡು ಮಲಗುವ ಮನುಷ್ಯ. ಆ ಮನೆಯಲ್ಲಿ ನನಗೆ ಸರಿಸಮನಾಗಿ ವಾದ ಹೂಡುವವರು ಅತ್ತೆಯೊಬ್ಬರೇ.

ಚಳಿಗಾಲ ಶುರುವಾಗುವ ಹೊತ್ತಿಗೆ ಕೋಳಿ ಕಾವಿಗೆ ಕೂತು ಮರಿ ಮಾಡಿತು. ಮರಿಗಳಿಗೆ ಅತ್ತೆ ಪಿಳ್ಳಿ ಎನ್ನುತ್ತಿದ್ದರು. ಪಿಳ್ಳಿಗಳು ಹಿತ್ತಲಲ್ಲಿ ಓಡಾಡತೊಡಗಿದ್ದವಷ್ಟೇ, ಪಕ್ಕದ ಒಡಕುಗಲ್ಲಿನ ರಾಶಿಯಿಂದ ಬಂದ ಮುಂಗುಸಿ ತಾಯಿಕೋಳಿಯನ್ನು ಹೊತ್ತೊಯ್ದಿತು. ಅತ್ತೆ ಪಿಳ್ಳಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಒಳಗೆ ಬಂದು ಕುಳಿತರು.

"ಇವೂ ಹೋದ್ವು ಅಂದ್ರ ನಂಗಿಲ್ಲಿ ಏನದ? ಕೋಳಿ ಇಲ್ಲದ ಮನ್ಯಾಗ ಹೊತ್ತು ಹೋಗಂಗಿಲ್ಲ. ನಾ ಊರಿಗೆ ಹೋಗಾಕಿ" ಎಂದರು.

ನಾನು ತಿರುಗಿ ಗೂಟದ ಚೀಲ ನೋಡಿದೆ. ನಮ್ಮ ಮನೆಯ ನೆಲವೆಲ್ಲ ಶಹಾಬಾದಿ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಮಲಗುವುದೇ ಒಂದು ಸುಖ, ಚಳಿಯಲ್ಲಿ ಕಾಲಿಟ್ಟರೆ ಹಲ್ಲು ಕಡಿಯಬೇಕು. ಪಿಳ್ಳಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಅತ್ತೆ ಬೋಗುಣಿಯಲ್ಲಿ ಕೆಂಡ ಹಾಕಿ ಇಡುತ್ತೇನೆ ಎಂದು ಎದ್ದರು.

"ಕೆಂಡ ಬ್ಯಾಡ್ರಿ ಅತ್ತೀ. ಒಂದು ಕಿಡಿ ಹಾರಿದ್ರ ಪಿಳ್ಳಿನೂ ಇರಂಗಿಲ್ಲ, ಮನಿನೂ ಇರಂಗಿಲ್ಲ."

ಆಗ ಅವರು ತಮ್ಮ ಹೀಟಿಂಗ್ ಪ್ಯಾಡ್ ತಂದರು. ಸೊಂಟನೋವಿಗೆಂದು ಅವರ ಮಗ, ನನ್ನ ಗಂಡ, ತಂದುಕೊಟ್ಟದ್ದು. ನನ್ನ ಕುತ್ತಿಗೆ ಹಿಡಿದುಕೊಂಡು ನೋಯುವಾಗಲೂ ಅದನ್ನು ನನಗೆ ಕೊಟ್ಟವರಲ್ಲ! ಅದನ್ನು ರಟ್ಟಿನ ಡಬ್ಬಿಯ ತಳದಲ್ಲಿ ಹಾಸಿ, ಮೇಲೆ ಮೆತ್ತನೆಯ ಅರಿವೆ ಹಾಕಿ, ಪಿಳ್ಳಿಗಳನ್ನು ಸಾಲಾಗಿ ಮಲಗಿಸಿದರು. "ಕೂಸುಗಳ್ರಾ, ಸುಮ್ನ ಮಕ್ಕೋರಿ" ಎಂದು ಬೇರೆ ಹೇಳಿದರು. ನನಗೂ ಅದು ಸರಿಯೆಂದೇ ಕಂಡಿತು. ನನ್ನ ಬಾಣಂತನ ಮಾಡಿದವರು ಇದೇ ಅತ್ತೆ. ಹೊರಸಿನ ಮೇಲೆ ನಾನು, ಮಗ್ಗುಲಲ್ಲಿ ಈಗ ಹಾಸ್ಟೆಲಿನಲ್ಲಿರುವ ಮಗಳು, ಹೊರಸಿನ ಕೆಳಗೆ ಕೆಂಡ. ಕೂಸಿಗೆ ಶಾಖ ಕೊಡುವುದು ಅಂದರೆ ಕೆಳಗಿನಿಂದಲೇ ಎಂಬುದರಲ್ಲಿ ನಮಗಿಬ್ಬರಿಗೂ ಸಂಶಯವಿರಲಿಲ್ಲ.

ಕೂಸುಗಳಿಗೆ ಮಾತ್ರ ಸಂಶಯವಿತ್ತು. ಕೆಳಗೆ ಕಾಲು ಸುಡುತ್ತಿತ್ತು, ಬೆನ್ನಿಗೆ ಚಳಿ. ಬಾಯಿ ತೆರೆದುಕೊಂಡು ಮೂಲೆಗೆ ಓಡುವವು, ಅಲ್ಲಿ ನಡುಗಿ ಚೀಂವ್ ಚೀಂವ್ ಎಂದು ಮನೆಯೆಲ್ಲ ಒಂದು ಮಾಡುವವು. ಅತ್ತೆ ಹಿಡಿದು ತಂದು ಮತ್ತೆ ನಡುವೆ ಕೂರಿಸುವರು. ಇದೇ ಆಟ ನಡೆದಿರುವಾಗ ಎಲ್ಲಕ್ಕಿಂತ ಸಣ್ಣ ಪಿಳ್ಳಿಯೊಂದು ಪ್ಯಾಡಿನ ಅಂಚನ್ನು ತಲೆಯಿಂದ ಎತ್ತಿ ಕೆಳಗೆ ನುಸುಳಿತು. ಅದರ ಚೀರಾಟ ಅಲ್ಲಿಗೇ ನಿಂತಿತು. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ಯವ್ವಾ! ಕೋಳಿ ಎಲ್ಲಿ ಕುಂದರ್ತದ? ಪಿಳ್ಳಿ ಮ್ಯಾಲಲ್ಲ?"

ಹುಟ್ಟಿದಾಗಿನಿಂದ ಕೋಳಿ ಸಾಕಿದ ಹೆಂಗಸು, ಮಕ್ಕಳಿಗೆ ಪ್ರಾಣಿಗಳ ಪಾಠ ಮಾಡುವ ನಾನು! ಕೂಸು ಕೂಸು ಎಂದು ಕರೆದು ಅವಕ್ಕೆ ಬಾಣಂತಿಯ ಉಪಚಾರ ಮಾಡಿಬಿಟ್ಟಿದ್ದೆವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೋಳಿ ಹೋದ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು.

ಚಳಿಗಾಲದಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೇ ಕೂಲರಿನ ಕಬ್ಬಿಣದ ಜಾಲಿಯನ್ನು ಕಮಾನಿನಂತೆ ಬಗ್ಗಿಸಿದೆ. ನೆಲಕ್ಕೆ ಗೋಣಿತಟ್ಟು, ಅದರ ಮೇಲೆ ತೊಗರಿ ಹೊಟ್ಟು. ಕಮಾನಿನ ಒಳಮೈಗೆ ಪ್ಯಾಡ್ ಕಟ್ಟಿದೆವು. ಹಿಂದೆ ತಗ್ಗು, ಪಿಳ್ಳಿಗಳ ಬೆನ್ನಿಗೆ ತಾಗುವಷ್ಟು. ಮುಂದೆ ಎತ್ತರ, ಸೆಕೆಯಾದರೆ ಹೊರಗೆ ಬರಲು ದಾರಿ. ವಾಯರನ್ನು ಅವು ಕುಕ್ಕದಂತೆ ಹೊರಗಿನಿಂದ ಎಳೆದೆವು, ನೀರಿನ ಬಟ್ಟಲನ್ನು ದೂರ ಇಟ್ಟೆವು. ತಾನೇ ಆರಿಹೋಗುವ ಪ್ಯಾಡ್ ಅದಲ್ಲ, ಹಾಗಾಗಿ ಎಲ್ಲಕ್ಕಿಂತ ಸಣ್ಣ ಉರಿಗೆ ಇಟ್ಟು, ಮೊದಲು ನನ್ನ ಅಂಗೈ ಬಹಳ ಹೊತ್ತು ಒಳಗಿಟ್ಟು ನೋಡಿದೆ. ಕರೆಂಟು ಹೋದರೆ ಇರಲಿ ಎಂದು ಬಾಟಲಿಗೆ ಬಿಸಿನೀರು ತುಂಬಿ ಅರಿವೆ ಸುತ್ತಿಟ್ಟೆವು.

ಪ್ಯಾಡ್ ಹೊಲಸಾಗದಂತೆ, ಹಸಿ ತಾಗದಂತೆ ಅದಕ್ಕೊಂದು ಗವಸು ಬೇಕಿತ್ತು. ಪ್ಲಾಸ್ಟಿಕ್ ಸುತ್ತಿದೆವು, ಮೇಲೆ ದಪ್ಪ ಬಟ್ಟೆಯೂ ಬೇಕು. ನಾನು ಹಳೇ ದಿಂಬಿನ ಚೀಲ ಹುಡುಕುತ್ತಿದ್ದೆ. ಅತ್ತೆ ಎದ್ದುಹೋಗಿ ಗೂಟದಿಂದ ತಮ್ಮ ಚೀಲ ಇಳಿಸಿ, ಸೀರೆಗಳನ್ನು ನನ್ನ ಮಡಿಲಿಗೆ ಸುರಿದರು. ಪ್ಯಾಡ್ ಅದರೊಳಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಗವಸು ಹಾಕಿದ ಪ್ಯಾಡನ್ನು ಮತ್ತೆ ಕಮಾನಿಗೆ ಕಟ್ಟಿದ್ದೇ ತಡ, ಪಿಳ್ಳಿಗಳು ಒಳಗೆ ನುಗ್ಗಿ ಒಂದೇ ಸಲಕ್ಕೆ ಸುಮ್ಮನಾದವು. ನಾನು ಸೀರೆಗಳನ್ನು ಕಪಾಟಿನಲ್ಲಿ ಇಟ್ಟೆ. ತಾತ್ಕಾಲಿಕ ಎಂದೇ ತಿಳಿದಿದ್ದೆ.

ಚಳಿ ಕಳೆಯುವ ಹೊತ್ತಿಗೆ ಪಿಳ್ಳಿಗಳಿಗೆ ಗರಿ ಬಂದವು. ಒಂದೂ ಸಾಯಲಿಲ್ಲ. ಕಮಾನಿನ ಕೆಳಗೆ ಹೋಗುವುದನ್ನು ಬಿಟ್ಟು ಅದರ ಮೇಲೆ ಹತ್ತಿ ಮಲಗತೊಡಗಿದವು. "ನೋಡು, ಈಗ ಹೊರಸು ಹತ್ಯಾವ" ಎಂದು ಅತ್ತೆ ಬೀಗಿದರು.

ಪ್ಯಾಡ್ ಬಿಚ್ಚಿ ಚೀಲವನ್ನು ಒಗೆದು ಒಣಗಿಸಿದೆ. ಮಡಚಿ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದೆ. ಗೂಟ ಖಾಲಿಯಿತ್ತು, ಮತ್ತೆ ಅಲ್ಲಿ ತೂಗುಹಾಕಲು ನನಗೆ ಕೈ ಏಳಲಿಲ್ಲ.

"ಎಲ್ಲಿಡ್ಲಿ ಅತ್ತೀ ಇದು?"

ಅತ್ತೆ ಅಂಗಳದಲ್ಲಿ ಪಿಳ್ಳಿಗಳಿಗೆ ಜೋಳದ ನುಚ್ಚು ಹಾಕುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ಪ್ಯಾಡಿನ ಸಂಗಾಟನೇ ಇಡು. ಬರೋ ಚಳಿಗಾಲಕ್ಕ ಇವುಗೋಳ ಪಿಳ್ಳಿಗೋಳಿಗೆ ಬೇಕಾಗ್ತದ."