ಇನ್ನೊಬ್ಬರು ಬೇಕು

ನಾನು ಕೋಡ್ ತಿದ್ದುವಾಗ ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ, ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು ಕೂರುತ್ತಿದ್ದರು. ನನ್ನ ನಿಧಾನ ಕಂಡು ಅವರಿಗೆ ಚಡಪಡಿಕೆಯಾಗುತ್ತಿತ್ತು. ಆದರೂ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಚಳ್ಳಕೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರು ಹಿರಿಯರು, ನಾನು ಆಗಷ್ಟೇ ಕೆಲಸಕ್ಕೆ ಸೇರಿದವಳು.

ಮೊಳಕಾಲ್ಮೂರಿನ ನೇಕಾರರಿಗಾಗಿ ಅವರೊಂದು ತಂತ್ರಾಂಶ ಬರೆದಿದ್ದರು. ಸೀರೆಯಂಚಿನ ಚಿತ್ರ ಕೊಟ್ಟರೆ, ಮಗ್ಗಕ್ಕೆ ಹಾಕುವ ರಟ್ಟಿನ ಪಟ್ಟಿಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ತೋರಿಸುತ್ತಿತ್ತು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಡೀ ಕೋಡನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಬಳಸುವವರು ಬಂದರು, ತಿದ್ದುವವರು ಬರಲಿಲ್ಲ. ಅಷ್ಟು ಗೋಜಲಿನ ಕೋಡಿಗೆ ಸಂಬಳವಿಲ್ಲದೆ ಯಾರು ತಲೆ ಕೊಡುತ್ತಾರೆ? ಎದೆನೋವು ಕಾಣಿಸಿಕೊಂಡ ಮೇಲಂತೂ ಮೇಷ್ಟ್ರಿಗೆ ಅದೇ ಚಿಂತೆಯಾಯಿತು.

"ಈ ಕೋಡು ನನ್ನೊಬ್ಬನ ತಲೇಲಿ ಐತೆ ಅಂದ್ರೆ ಇಲ್ಲ ಅಂತ್ಲೇ ತಿಳ್ಕೊ. ಇನ್ನೊಬ್ರು ಬೇಕಮ್ಮ" ಎನ್ನುತ್ತಿದ್ದರು.

ಒಮ್ಮೆ ದೂರದೂರಿನ ಯುವಕನೊಬ್ಬ ತಾನಾಗಿಯೇ ಮುಂದೆ ಬಂದ. ಮುಖ ಕಂಡವರಿಲ್ಲ, ಎಲ್ಲ ಇಮೇಲಿನಲ್ಲೇ. ಭಾರಿ ಚುರುಕು. ಚಿತ್ರದ ಎಡಬಲ ಅದಲುಬದಲು ಮಾಡುವ ಕೋಡಿನ ಸಾಲುಗಳು ದಂಡವೆಂದು ತೆಗೆದುಹಾಕಿದ. ನೇಯುವಾಗ ಸೀರೆಯ ಹಿಂಬದಿ ಮೇಲಿರುತ್ತದೆ, ಅದಕ್ಕೇ ಚಿತ್ರ ತಿರುಗಿಸಬೇಕು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮೊಳಕಾಲ್ಮೂರಿನಿಂದ ನೇಕಾರರೊಬ್ಬರ ಫೋನು ಬಂತು: "ಅಂಚಿನ ಗಿಳಿಗಳೆಲ್ಲ ಮುಖ ತಿರುಗಿಸ್ಕೊಂಡು ಕುಂತವೆ ಕಣ್ರಿ ಸಾರ್!"

ಮೇಷ್ಟ್ರು ರೇಗಿ ಯುವಕನಿಗೆ ಖಾರವಾಗಿ ಬರೆದರು. ಅವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಆಮೇಲೆ ಇವರು ಊಟದ ಡಬ್ಬಿಯನ್ನೂ ಬಿಚ್ಚದೆ ಕೂತಿದ್ದರು. "ಅವನದೇನು ತಪ್ಪಮ್ಮ? ಮಗ್ಗ ತೋರಿಸ್ದೆ ಕೋಡ್ ಕೊಟ್ಟೆ. ಸಿಟ್ಟಿನಾಗೆ ಒಳ್ಳೇ ಆಳನ್ನ ಕಳ್ಕೊಂಡ್ನಲ್ಲ."

ಅನಂತರ ನನ್ನನ್ನು ಹಿಡಿದರು. ಮೊದಲು ಮೊಳಕಾಲ್ಮೂರಿಗೆ ಕರೆದೊಯ್ದು ಇಡೀ ದಿನ ಮಗ್ಗದ ಪಕ್ಕ ಕೂರಿಸಿದರು. ಆಮೇಲೆ ಕೋಡು. ನಾನು ಕೆಡಿಸಿದ್ದಕ್ಕೆ ಲೆಕ್ಕವಿಲ್ಲ. ಆದರೂ ಅವರು ಒಂದು ಬಿರುಸು ಮಾತೂ ಆಡಲಿಲ್ಲ. "ಯಾಕೆ ಹಂಗೆ ಮಾಡ್ದೆ, ಹೇಳು" ಅಷ್ಟೇ. ನೀವೇ ಸರಿಮಾಡಿಬಿಡಿ ಸಾರ್ ಎಂದು ಗೋಗರೆದರೆ, "ನಾನು ಮಾಡಿದ್ರೆ ನಿಂಗೆ ಬರಲ್ಲಮ್ಮ" ಎನ್ನುತ್ತಿದ್ದರು. ಅಂಥ ಸಹನೆ ಆ ಮುಂಗೋಪಿಗೆ ಎಷ್ಟು ಕಷ್ಟವಾಗಿತ್ತೋ.

ಅವರು ತೀರಿಕೊಂಡಾಗ ತಂತ್ರಾಂಶ ನಿಲ್ಲಲಿಲ್ಲ. ನೇಕಾರರ ಫೋನು ನನಗೆ ಬರತೊಡಗಿತು. ಮೇಷ್ಟ್ರ ಆಸೆ ಈಡೇರಿತು ಎಂದು ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಕೋಡ್ ತಿದ್ದಿ ಮುಗಿಸಿ, ಸರಿಯಿದೆಯೇ ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಸ್ಟೂಲು ಖಾಲಿಯಿತ್ತು. ಆಗ ಬಿಕ್ಕಿ ಬಿಕ್ಕಿ ಅತ್ತೆ. ಅವರಿರುವವರೆಗೆ ಆ ಕೋಡ್ ಬಲ್ಲವರು ನಾವು ಇಬ್ಬರಿದ್ದೆವು. ಈಗ ಮತ್ತೆ ಒಬ್ಬರೇ.