ಹೆಣದ ಪಾರ್ಟಿಗೆ ಕೂತದ್ದು

ನಾನು ಸತ್ತರೆ ಯಾರು ಯಾರು ಅಳುತ್ತಾರೆ ಎಂದು ಒಮ್ಮೆ ಕದ್ದು ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ನಿಮಗೂ ಇದ್ದೀತು, ನೀವು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಊರೆಲ್ಲ ಅಳಬೇಕೆಂಬ ದುರಾಸೆ ನನ್ನದಲ್ಲ. ಒಬ್ಬಳು ಅತ್ತರೆ ಸಾಕಿತ್ತು, ನನ್ನ ಹೆಂಡತಿ ಸುವರ್ಣಾ. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆಯ ಮನಸ್ಸಿನಲ್ಲಿ ನನಗೆ ಎಷ್ಟು ಜಾಗವಿದೆ ಎಂಬುದು ನನಗೆ ತಿಳಿದಿರಲಿಲ್ಲ. 'ಬರ್ರಿ', 'ಉಣ್ರಿ', 'ಸಾಕೇನು?' ಇಷ್ಟರಲ್ಲೇ ಆಕೆಯ ದಿನದ ಮಾತು ಮುಗಿಯುತ್ತದೆ. ಹೋದ ವರ್ಷ ಎದೆನೋವು ಬಂದು ನಾನು ವಿಜಯಪುರದ ದವಾಖಾನೆಯಲ್ಲಿ ಮಲಗಿದಾಗಲೂ ಆಕೆಯ ಕಣ್ಣಲ್ಲಿ ನೀರು ಕಾಣಲಿಲ್ಲ. ಗುಳಿಗೆಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲಿ ಕಿಟಕಿಯ ಬದಿಗೆ ನನ್ನನ್ನು ಕೂರಿಸಿ, ಸುಮ್ಮನೆ ಊರಿಗೆ ಕರೆತಂದಳು. ಅಂದಿನಿಂದ ಈ ಅನುಮಾನ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಬಾಗೇವಾಡಿಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅದರ ಜೊತೆಗೆ ಊರ ಹವ್ಯಾಸಿ ನಾಟಕ ಸಂಘದಲ್ಲಿ ನಾನೊಬ್ಬ ನಟ ಎಂದು ಹೇಳಿಕೊಳ್ಳುತ್ತೇನೆ. ಸಂಘದವರು ಹಾಗೆ ಹೇಳಿದ್ದನ್ನು ಇನ್ನೂ ಕೇಳಿಲ್ಲ. ಪಾರ್ಟು ಹಂಚುವ ದಿನ ಪ್ರತಿ ಸಲವೂ ಹಾರ್ಮೋನಿಯಂ ಪೇಟಿಯ ಮುಂದೆ ನಿಂತು ಹಾಡುತ್ತೇನೆ, ಡೈಲಾಗು ಒದರುತ್ತೇನೆ. ಕೊನೆಗೆ ಪೊಲೀಸನಾಗಿಯೋ ಟಪಾಲಿನವನಾಗಿಯೋ ಒಮ್ಮೆ ಬಂದು ಮರೆಯಾಗುತ್ತೇನೆ. ಈಚೆಗೆ ಹುಡುಗರು ಅದಕ್ಕೆ ಆಡಿಷನ್ ಎಂದು ಹೆಸರಿಟ್ಟರು. ನನ್ನ ಪಾರ್ಟೇನೂ ಅದರಿಂದ ಉದ್ದವಾಗಲಿಲ್ಲ.

ಈ ಸಲ ನಮ್ಮ ನಾಟಕದ ಮಾಸ್ತರು ಗುರುಪಾದಪ್ಪನವರು ತಾವೇ ಬರೆದ ಸಾಮಾಜಿಕ ನಾಟಕ ಹಿಡಿದುಕೊಂಡು ಬಂದರು. ಮೂರನೆಯ ಅಂಕದ ತುಂಬ ಮನೆಯ ಯಜಮಾನನ ಹೆಣ ರಂಗದ ಮೇಲೇ ಇರುತ್ತದೆ, ಹೆಂಡತಿ ಅದರ ಮುಂದೆ ಹಾಡ್ಯಾಡಿ ಅಳುತ್ತಾಳೆ. ಹೆಣ್ಣುಪಾರ್ಟಿಗೆ ಹೊರಗಿನ ಕಲಾವಿದೆಯರನ್ನು ಕರೆಸುವ ರೂಢಿ ಬಿಟ್ಟು, ಈ ಸಲ ಊರ ಹೆಣ್ಣುಮಕ್ಕಳನ್ನೇ ಆಡಿಷನ್‌ಗೆ ಕರೆದಿದ್ದರು. ಅಳುವವರನ್ನು ಆರಿಸಬೇಕಾದರೆ ಎದುರಿಗೊಂದು ಹೆಣ ಬೇಕಲ್ಲ.

"ಈರಣ್ಣಾ, ನೀನ ಕುಂಡ್ರು," ಎಂದರು ಮಾಸ್ತರು. "ದವಾಖಾನಿ ನೋಡಿ ಬಂದಾಂವ ನೀ. ಅರ್ಧಾ ಅನುಭವ ಐತಿ ನಿನಗ. ಛಲೋ ಮಾಡಿದರ ಪಾರ್ಟ ನಿನಗ ಕೊಡ್ತೇನಿ."

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸುತ್ತಾರೆ. ತಲೆ ವಾಲದ ಹಾಗೆ ಹಣೆಗೊಂದು ಬಟ್ಟೆ ಸುತ್ತಿ ಹಿಂದಿನ ಮೊಳೆಗೆ ಕಟ್ಟುತ್ತಾರೆ. ಬಂದವರು ಎದುರಿಗೆ ಕೂರುತ್ತಾರೆ. ಹಾಗೆ ಎದುರುಬದುರು ಕೂತಾಗ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಸಂಶಯ ನನಗೆ ಎಷ್ಟೋ ಸಲ ಬಂದದ್ದುಂಟು. ಏಕೆಂದರೆ ಅಂಥ ಫೋಟೋಗಳನ್ನು ನಾನು ಬಹಳ ತೆಗೆದಿದ್ದೇನೆ. ರೀಲಿನ ಕ್ಯಾಮೆರಾ ಇದ್ದ ಕಾಲದಲ್ಲಿ, ಕರೆಂಟು ಹೋದ ಮನೆಯಲ್ಲಿ, ಕಿಟಕಿಯ ಬೆಳಕನ್ನೇ ನಂಬಿ ಶಟರನ್ನು ತುಸು ಹೊತ್ತು ತೆರೆದೇ ಇಡಬೇಕಾಗುತ್ತಿತ್ತು. ತೊಳೆದು ನೋಡಿದರೆ ಬದುಕಿದವರೆಲ್ಲ ಮಸುಕು. ಅವರು ಬಿಕ್ಕುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಉಸಿರಾಡುತ್ತಾರೆ. ನಟ್ಟನಡುವೆ ಸತ್ತವನೊಬ್ಬನೇ ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟ. ಅಂಥ ಫೋಟೋ ತೊಳೆದ ದಿನ ನಾನು ಕತ್ತಲಕೋಣೆಯಿಂದ ಬೇಗ ಹೊರಬೀಳುತ್ತಿದ್ದೆ.

ಇಷ್ಟೆಲ್ಲ ಕಂಡವನಿಗೆ ಸುಮ್ಮನೆ ಕೂರುವುದೇನು ಮಹಾ ಎಂದುಕೊಂಡೆ. ರವಿವಾರ ಮಧ್ಯಾಹ್ನ ಸಂಘದ ತಾಲೀಮು ನಡೆಯುವ ಹಳೆಯ ಅರಳೆ ಗೋದಾಮಿನಲ್ಲಿ ನನ್ನನ್ನು ಗೋಡೆಗೆ ಆನಿಸಿ, ವಿಭೂತಿ ಬಳಿದು, ಹಣೆಗೆ ಬಟ್ಟೆ ಕಟ್ಟಿದರು. ಯಾವುದೋ ಸನ್ಮಾನದಲ್ಲಿ ಉಳಿದಿದ್ದ ಚೆಂಡುಹೂವಿನ ಮಾಲೆ ಕೊರಳಿಗೆ ಬಿತ್ತು. ಹುಡುಗರು ಇಣುಕಬಾರದೆಂದು ಕಿಟಕಿ ಮುಚ್ಚಿದರು. ನಾನು ಕಣ್ಣು ಮುಚ್ಚಿದೆ.

ಮೊದಲು ಬಂದವಳು ಖಾನಾವಳಿಯ ಶಾಂತಕ್ಕ. ಮನೆಗೆ ಉಣ್ಣಲು ಹೋಗಲಾಗದ ದಿನ ನನಗೆ ತೆಳ್ಳನೆಯ ಸಾರು ಬಡಿಸಿ ಗದರುವ ಹೆಂಗಸು. ಆಕೆ ಎದೆ ಬಡಿದುಕೊಂಡು ದನಿ ತೆಗೆದಳು: "ಯಪ್ಪಾ ನನ್ನ ದೊರಿಯೇ, ಯಾಕ ಮಾತಾಡವಲ್ಲಿ? ಯಾರ ಮ್ಯಾಲ ಸಿಟ್ಟಾಗಿ ಕುಂತಿ? ಕರದರೂ ಓ ಅನ್ನವಲ್ಲೀ..."

ಅಷ್ಟು ಕೇಳಿ ನಿಲ್ಲಿಸಿದಳು. ನಮ್ಮ ಕಡೆಯ ಅಳುವಿನ ರೀತಿಯೇ ಹಾಗೆ: ಸತ್ತವನನ್ನು ಪ್ರಶ್ನೆ ಕೇಳುವುದು, ಕೇಳಿ ತುಸು ಹೊತ್ತು ಸುಮ್ಮನಾಗುವುದು. ಆ ಸುಮ್ಮನಿರುವಾಗ ಇಡೀ ಗೋದಾಮು ನನ್ನ ಉತ್ತರಕ್ಕೆ ಕಾಯುತ್ತಿದೆ ಎನ್ನಿಸಿತು. ಕರೆದರೆ ಓಗೊಡಬೇಕೆಂದು ಅವ್ವ ಕಲಿಸಿ ಬೆಳೆಸಿದ ಬಾಯಿ ಇದು. ನಾಲಿಗೆಯ ತುದಿಗೆ ಬಂದ 'ಓ' ನುಂಗಿಕೊಂಡೆ. ಅದನ್ನು ನುಂಗಿದ ಮೇಲೆ ಒಳಗೇನೋ ತಣ್ಣಗಾಯಿತು.

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಅಳು ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಒಳಗೆ ಬಂದಿದ್ದ. ಮುಳವಾಡದವನೆಂದು ಆಮೇಲೆ ತಿಳಿಯಿತು. ನೇರವಾಗಿ ಬಂದು ನನ್ನ ಪಾದ ಮುಟ್ಟಿ, ಎದುರಿಗೆ ಕೂತು ಕೇಳಿದ, "ಯಾವಾಗಾತ್ರೀ?"

ನಾಟಕ ಎಂದು ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ನಾನಂತೂ ಹೇಳುವ ಹಾಗಿರಲಿಲ್ಲ.

"ನಮ್ಮ ಹುಡುಗನ ಮದಿವ್ಯಾಗ ಫೋಟೋ ತಗದಾಂವ ಇಂವನ," ಎಂದ ಮುದುಕ. "ಬೀಗತಿ ಮಾರಿ ಬಿಗದಕೊಂಡ ನಿಂತಿದ್ಳು, ಆಕಿನ್ನೂ ನಗಸಿದ್ದ. ಛಲೋ ಮನಶ್ಯಾ ಹೋದ." ನಿಟ್ಟುಸಿರು ಬಿಟ್ಟು, ಮತ್ತೊಮ್ಮೆ ಪಾದ ಮುಟ್ಟಿ ಹೋದ.

ಯಾರೂ ನಗಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಇದ್ದ, ತೆಗೆದಿದ್ದ, ನಗಿಸಿದ್ದ, ಹೋದ. ನಾಲ್ಕು ಮಾತಿನಲ್ಲಿ ನಾನು ಮುಗಿದುಹೋಗಿದ್ದೆ. ಆಮೇಲೆ ಅತ್ತ ಹೆಂಗಸರ ಅಳುವಿನಲ್ಲಿ ನಾಟಕ ಎಷ್ಟು, ನಿಜ ಎಷ್ಟು ಎಂಬುದು ನನಗೆ ತಿಳಿಯಲಿಲ್ಲ. ಕಾಲು ಜೋಮು ಹಿಡಿದು ಕಾಲಿಲ್ಲದಂತಾಯಿತು. ಏಳಬೇಕೆಂದರೂ ಏಳಲಾರೆ ಎನ್ನಿಸಿತು. ನಾನೇ ತೆಗೆದ ಫೋಟೋಗಳ ಆ ಸ್ಪಷ್ಟ ಮುಖಗಳೆಲ್ಲ ಇದೇ ಗೋಡೆಗೆ, ನನ್ನ ಎಡಬಲಕ್ಕೆ, ಸಾಲಾಗಿ ಕೂತು 'ಈ ಕಡಿ ಸರಿದು ಕುಂಡ್ರಪಾ' ಎಂದು ನನಗೆ ಜಾಗ ಮಾಡಿಕೊಡುತ್ತಿರುವಂತೆ ಭಾಸವಾಯಿತು.

ಆಗ ಬಾಗಿಲಲ್ಲಿ ಗುರುತಿನ ಬಳೆಗಳ ಸದ್ದು ಕೇಳಿಸಿತು. ನಾನು ಮರೆತುಬಂದ ಮಧ್ಯಾಹ್ನದ ಗುಳಿಗೆ ಕೊಡಲು ಸುವರ್ಣಾ ಬಂದಿದ್ದಳು.

"ಬಾ ತಂಗಿ, ನೀನೂ ಒಮ್ಮಿ ಅತ್ತು ನೋಡು," ಎಂದರು ಮಾಸ್ತರು.

ಕಣ್ಣು ಮುಚ್ಚಿದ್ದರೂ ನನ್ನ ಮೈಯೆಲ್ಲ ಕಿವಿಯಾಯಿತು. ನನ್ನ ಆಸೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಅವಳು ಬಂದು ಎದುರಿಗೆ ಕೂತಳು. ಅಳು ಬರಲಿಲ್ಲ. ಹಾಡೂ ಬರಲಿಲ್ಲ. ನಾನು ಉಸಿರು ಬಿಗಿಹಿಡಿದು ಕಾದೆ. ಎರಡು ಬೆರಳು ಬಂದು ನನ್ನ ಮೂಗಿನ ಕೆಳಗೆ ನಿಂತವು.

"ಉಸುರ ಬಿಡ್ರಿ," ಎಂದಳು, ನನಗಷ್ಟೇ ಕೇಳುವಂತೆ.

ಬಿಟ್ಟೆ. ಹೂವಿನ ಎಸಳು ಹಾರುವಷ್ಟು ಜೋರಾಗಿ ಬಿಟ್ಟೆ. ಮುಚ್ಚಿದ ಕಣ್ಣಿನಿಂದ ನೀರೂ ಇಳಿಯಿತು.

"ಏ ಈರಣ್ಣಾ, ಹೆಣ ಅಳಬಾರದೋ!" ಎಂದು ಮಾಸ್ತರು ಕೂಗಿದರು. ಗೋದಾಮೆಲ್ಲ ನಕ್ಕಿತು. ಹೆಂಡತಿಯ ಪಾರ್ಟು ಶಾಂತಕ್ಕನಿಗೆ ಹೋಯಿತು, ಹೆಣದ ಪಾರ್ಟು ಇನ್ನೊಬ್ಬನಿಗೆ. ಸುವರ್ಣಾ ಗುಳಿಗೆ ನುಂಗಿಸಿ, ನೀರು ಕುಡಿಸಿ ಮನೆಗೆ ಹೋದಳು. ನಾನು ವಿಭೂತಿ ಒರೆಸಿಕೊಳ್ಳುವುದನ್ನೂ ಮರೆತು ಸ್ಟುಡಿಯೋ ಕಡೆಗೆ ನಡೆದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಆ ಮುಳವಾಡದ ಮುದುಕ ನನ್ನನ್ನು ನೋಡಿದ, ಎದ್ದ, ಕೈಮುಗಿದ, ಯಾವ ಊರಿನ ಬಸ್ಸೆಂದೂ ಕೇಳದೆ ಹತ್ತಿಬಿಟ್ಟ. ನಗಬೇಕಾಗಿತ್ತು, ನನಗೆ ನಗು ಬರಲಿಲ್ಲ. ಒಂದು ಸೌಟು ಸಾರಿಗೆ ಗದರುವವಳು ಅತ್ತಳು, ನನ್ನವಳು ಅಳಲಿಲ್ಲ ಎಂಬ ನೋವೇ ತುಂಬಿಕೊಂಡಿತ್ತು.

ಮರುದಿನ ಮಧ್ಯಾಹ್ನ ಉಂಡು ಮನೆಯಲ್ಲಿ ಅಡ್ಡಾಗಿದ್ದೆ. ನಿದ್ದೆ ಬಂದಿರಲಿಲ್ಲ, ಕಣ್ಣು ಮಾತ್ರ ಮುಚ್ಚಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಜ್ಜೆಯ ಸಪ್ಪಳವಿಲ್ಲದೆ ಯಾರೋ ಬಂದು ಮಂಚದ ಪಕ್ಕ ನಿಂತಂತಾಯಿತು. ಒದ್ದೆಯಾದ ಎರಡು ಬೆರಳು, ಸಾಬೂನಿನ ವಾಸನೆಯವು, ಮೂಗಿಗೆ ತಾಗದಂತೆ, ಅಷ್ಟೇ ಅಂತರದಲ್ಲಿ ನಿಂತವು. ಹೊಸದಾಗಿ ಕಲಿತ ಕೈ ಅದಲ್ಲ. ನನ್ನ ಉಸಿರು ತಾಗುವವರೆಗೆ ಕಾದು ಹಿಂದೆ ಸರಿದವು. ಆಗ ಸುವರ್ಣಾ ತನ್ನ ಉಸಿರು ಬಿಟ್ಟಳು. ಅಲ್ಲಿಯವರೆಗೆ ಅವಳೂ ಬಿಗಿಹಿಡಿದಿದ್ದಳು. ಪಾತ್ರೆಗಳು ಮತ್ತೆ ಸದ್ದು ಮಾಡಿದವು.

ದವಾಖಾನೆಯಿಂದ ಬಂದಂದಿನಿಂದ ನನ್ನ ಮನೆಯಲ್ಲಿ ದಿನಾಲೂ ಹೆಣದ ಪಾರ್ಟಿಗೆ ಆಡಿಷನ್ ನಡೆದಿತ್ತು. ಕೂತವನಿಗೇ ಸುದ್ದಿ ಇರಲಿಲ್ಲ. ದಿನಾಲೂ ನಾನು ಫೇಲಾಗುತ್ತಿದ್ದೆ, ಅವಳು ಯಾರಿಗೂ ಹೇಳದೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಈಗ ನಾನು ಮಧ್ಯಾಹ್ನ ನಿದ್ದೆ ಮಾಡುವುದಿಲ್ಲ. ಕಣ್ಣು ಮುಚ್ಚಿ ಕಾಯುತ್ತೇನೆ. ಬೆರಳು ಬಂದ ಕೂಡಲೇ ಇದ್ದದ್ದಕ್ಕಿಂತ ತುಸು ಜೋರಾಗಿಯೇ ಉಸಿರು ಬಿಡುತ್ತೇನೆ. ನಟನೆ ಅತಿಯಾಯಿತು ಎಂದು ಮಾಸ್ತರು ಅಂದಾರು. ಆದರೆ ಆ ಪಾತ್ರೆಗಳ ಸದ್ದು ಮತ್ತೆ ಶುರುವಾಗಬೇಕಾದರೆ ಅಷ್ಟು ಬೇಕು.